ಹುಟ್ಟುಗೋಲು ಬಿಸಾಡಿದ ಅಂಬಿಗ

“ಕೇಳಿರಪ್ಪೋ ಕೇಳಿ! ಮೆಟ್ಟಿಲು ಬಾವಿ ಸೇರಿರೋ ರಕ್ಕಸನ ಮೂರು ಒಗಟು ಬಿಡಿಸಿದವರಿಗೆ ದೊರೆಗಳು ಅರ್ಧ ರಾಜ್ಯ ಕೊಡ್ತಾರೆ. ತಪ್ಪಿದವರು ಅದೇ ಬಾವಿಯ ಒಂದು ಚೆಂಬು ನೀರು ಕುಡೀಬೇಕು!”

ಒಂದು ಚೆಂಬು ನೀರಿಗೆ ಇಷ್ಟು ಡಂಗುರವೇ ಎಂದು ನೀವು ನಗಬಹುದು. ಹೊನ್ನಾರದ ಜನ ನಗಲಿಲ್ಲ. ರಕ್ಕಸ ಬಂದಾಗಿನಿಂದ ಆ ನೀರು ಕುಡಿದವರು ವಾಂತಿಭೇದಿ ಹಿಡಿದು ಹೆಣವಾಗುತ್ತಿದ್ದರು. ಕಾಲಲ್ಲಿ ಕಸುವಿದ್ದವರು ಎರಡು ಹರದಾರಿ ನಡೆದು ಹೊಳೆನೀರು ತರುತ್ತಿದ್ದರು. ಇಲ್ಲದವರು ಕದ್ದು ಬಾವಿಗೇ ಇಳಿಯುತ್ತಿದ್ದರು.

ಮೊದಲು ಹೋದವನು ದಳವಾಯಿ. ರಕ್ಕಸ ಕೂತಲ್ಲಿ ಕೂರಲಾರದೆ ನೀರಲ್ಲಿ ಹೊರಳುತ್ತ ಕೇಳಿದ: “ಕಣ್ಣಿಲ್ಲ, ಕಾಲಿಲ್ಲ. ನೆಟ್ಟಗೆ ಓಡ್ತಾನೆ, ತಟ್ಟನೆ ನಿಂತು ಹೊರಳ್ತಾನೆ, ಬೇರೆ ದಿಕ್ಕು ಹಿಡಿದು ಓಡ್ತಾನೆ. ಆದರೂ ಊಟದ ಮನೆ ತಪ್ಪೋಲ್ಲ. ಯಾರವನು?”

“ಕುಡುಕ!” ಎಂದ ದಳವಾಯಿ, ಸ್ವಂತ ಅನುಭವದಿಂದ. ಮೂರನೆಯ ದಿನ ಅವನ ಮನೆಯಲ್ಲಿ ಅಳು ಕೇಳಿತು. ಮಂತ್ರಿಯ ಮಗ ಓದಿದವನು, “ಬುಗುರಿ” ಎಂದ. ಬುಗುರಿಗೆ ಯಾವ ಊಟವಪ್ಪಾ? ಅವನೂ ಚೆಂಬು ಎತ್ತಿದ.

ಬಳೆಗಾರ ಹೊಂಬಯ್ಯನಿಗೆ ರಾಜ್ಯ ಬೇಕಿರಲಿಲ್ಲ. ಅವನ ತಂಗಿ ಸಾತವ್ವ ಬಾವಿನೀರು ಕುಡಿದು ಮಲಗಿದ್ದಳು. “ಅಣ್ಣಾ, ಒಂದ್ ಗುಟುಕು ನೀರು” ಎಂದು ಬೆಳಗಿನಿಂದ ಗೋಗರೆಯುತ್ತಿದ್ದಳು. ನೀರು ಕೊಟ್ಟಷ್ಟೂ ಭೇದಿ ಹೆಚ್ಚುತ್ತದೆ, ತುಟಿಗೂ ಸೋಕಿಸಬೇಡ ಎಂದಿದ್ದರು ವೈದ್ಯರು. ಕೊಟ್ಟರೆ ಸಾಯುತ್ತಾಳೋ, ಕೊಡದಿದ್ದರೆ ಸಾಯುತ್ತಾಳೋ? ಹೊಂಬಯ್ಯ ಒಳಗೂ ನಿಲ್ಲಲಾರ, ಹೊರಗೂ ನಿಲ್ಲಲಾರ. ಕೊನೆಗೆ, ರೋಗ ತಂದವನನ್ನೇ ಕೇಳುತ್ತೇನೆ ಎಂದು ಬಾವಿಗೆ ಓಡಿದ.

“ಮೊದಲು ನನ್ನ ಒಗಟು, ಆಮೇಲೆ ನಿನ್ನ ಮಾತು,” ಎಂದು ರಕ್ಕಸ ಮೊದಲನೆಯದನ್ನು ಕೇಳಿದ.

“ಈ ನೀರಿನ ಹುಳ,” ಎಂದ ಹೊಂಬಯ್ಯ. “ಬಳೆ ಕಾಯಿಸೋ ನನ್ನ ಕುಲುಮೇಲಿ ಸಾಸಿವೆಯಷ್ಟು ಗಾಜಿನ ಗುಂಡು ಉದುರಿತ್ತು. ಕಣ್ಣಿಗೊತ್ತಿ ನೋಡಿದ್ರೆ ನೀರಿನ ಹನೀಲಿ ಅವು ಹಿಂಗೇ ಓಡಾಡ್ತಿದ್ವು. ಒಂದು ಗಳಿಗೆ ಸುಮ್ಮನಿರಲ್ಲ.”

ರಕ್ಕಸ ಹಲ್ಲು ಕಡಿದ. “ಆ ಹುಳಾನೇ ಒಬ್ಬ ಅಂಬಿಗ ಅಂದ್ಕೋ. ಅವನಿಗೆ ಕಣ್ಣಿಗೆ ಕಾಣದ ಹುಟ್ಟುಗೋಲೊಂದಿದೆ. ಲೋಳೆಯ ಗೋಡೆ ದಾಟೋವರೆಗೂ ತಿರುಗಿಸ್ತಾನೆ, ದಾಟಿದ ಮೇಲೆ ಮುರಿದು ಬಿಸಾಡ್ತಾನೆ. ಯಾಕೆ?”

ಹೊಂಬಯ್ಯನ ಕಣ್ಣು ಬಿಸಿಲಿನ ಕಡೆಗೇ ಇತ್ತು. ಹೊತ್ತು ಇಳಿಯುತ್ತಿದೆ, ಅವಳು ಹೇಗಿದ್ದಾಳೋ. “ತಂಗಿಯ ಭೇದಿ ನೀರನ್ನೂ ಹಂಗೇ ನೋಡಿದ್ದೆ. ಬಿಡಿ ನೀರಲ್ಲಿದ್ದವು ಓಡ್ತಿದ್ವು, ಲೋಳೆ ಚೂರಲ್ಲಿದ್ದವು ಒಂದಕ್ಕೊಂದು ಅಂಟಿ ಕೂತಿದ್ವು. ಒಳಗಿನ ಲೋಳೆ ದಾಟಿ ಕರುಳು ಮುಟ್ಟಿದ್ಮೇಲೆ ಅವನಿಗೆ ಅದೇ ಮನೆ. ಮನೆ ಸೇರಿದವನಿಗೆ ಹುಟ್ಟುಗೋಲು ಯಾಕೆ? ಬೇಗ ಮೂರನೇದು ಕೇಳು!”

“ಹಗ್ಗ ಇಲ್ಲ, ಕೊಡ ಇಲ್ಲ. ಒಂದೇ ಹಗಲಲ್ಲಿ ಬಾವಿ ಬತ್ತಿಸ್ತಾರೆ ನನ್ನ ಆಳುಗಳು. ಯಾವ ಬಾವಿ?”

ಹೊಂಬಯ್ಯ ಊರಿನ ಬಾವಿಗಳನ್ನೆಲ್ಲ ಒಂದೊಂದಾಗಿ ನೆನೆದ, ಯಾವುದೂ ಹೊಂದಲಿಲ್ಲ. ರಕ್ಕಸ ಚೆಂಬು ಮುಂದಕ್ಕೆ ತಳ್ಳಿದ. ಮೇಲಿನ ಮೆಟ್ಟಿಲಿಂದ ದೊರೆಗಳೂ ಊರವರೂ ಬಗ್ಗಿ ನೋಡಿದರು. ಚೆಂಬಿಗೆ ಚಾಚಿದ ತನ್ನ ಕೈ ನೋಡಿದಾಗ ಅವನಿಗೆ ತಂಗಿಯ ಕೈ ನೆನಪಾಯಿತು. ನಿನ್ನೆ ಕೈ ಹಿಂಡಿ ಹಿಂಡಿ ತಾನೇ ತೊಡಿಸಿದ ಬಳೆ ಈ ಬೆಳಿಗ್ಗೆ ಸೊರಗಿದ ಕೈಯಿಂದ ತಾನಾಗಿ ಜಾರಿ ಬಿದ್ದಿತ್ತು.

“ನನ್ನ ತಂಗೀನೇ ಆ ಬಾವಿ!” ಎಂದು ಕೂಗಿದ. ಕೂಗುವಾಗಲೇ ತನ್ನ ತಪ್ಪು ಹೊಳೆಯಿತು. ಬತ್ತುವ ಬಾವಿಗೆ ನೀರು ಹೊಯ್ಯುವುದು ಬಿಟ್ಟು ಬಾಯಿ ಮುಚ್ಚಿಟ್ಟಿದ್ದೆನಲ್ಲ!

ರಕ್ಕಸ ಮಾತಿಗೆ ತಪ್ಪಲಿಲ್ಲ. “ಅವಳ ಮೈಯಿಂದ ಹೋದದ್ದು ಉಪ್ಪುನೀರು ಕಣೋ, ನೀರಿಗೆ ಉಪ್ಪು ಬೆಲ್ಲ ಕದಡಿ ಕೊಡು. ನಾನು ಹೊರಟೆ. ಆಳುಗಳು ಇಲ್ಲೇ ಇರ್ತಾರೆ, ಅವರು ಬೆಂಕಿಗೆ ಮಾತ್ರ ಹೆದರೋದು,” ಎಂದು ಮಾಯವಾದ.

“ಅರ್ಧ ರಾಜ್ಯ ನಿನ್ನದಪ್ಪಾ,” ಎಂದರು ದೊರೆ.

ಹೊಂಬಯ್ಯ ಆಗಲೇ ಓಡುತ್ತಿದ್ದ. “ರಾಜ್ಯ ಬ್ಯಾಡ ಬುದ್ಧಿ! ನಿಮ್ಮ ಬೇಟೆ ಕಾಡಿನ ಸೌದೆ ಕೊಡಿ, ಮನೆಮನೇಲೂ ನೀರು ಕುದೀಲಿ!” ರಾಜ್ಯಕ್ಕಿಂತ ಬೇಟೆ ಪ್ರಿಯವಾದ ದೊರೆ ಕಾಡಿನತ್ತ ಒಮ್ಮೆ ನೋಡಿದರು. ಆದರೂ ಅಲ್ಲಿಗೆ ಕೊಡಲಿಯವರನ್ನು ಕಳಿಸಿದರು.

ಹೊಂಬಯ್ಯ ನೀರು ಕುದಿಸಿ, ಆರಿಸಿ, ಉಪ್ಪು ಬೆಲ್ಲ ಕದಡಿ ಗುಟುಕು ಗುಟುಕಾಗಿ ಹನಿಸಿದ. ಅವಳು ಕಕ್ಕಿದಳು, ಮತ್ತೆ ಹನಿಸಿದ. ಎಷ್ಟು ಲೋಟವಾಯಿತೋ, ಸಾತವ್ವ ಕಣ್ಣು ಬಿಟ್ಟು ಮುಖ ಕಿವುಚಿದಳು.

“ಥೂ, ಉಪ್ಪು ಜಾಸ್ತಿಯಾಯ್ತು ಕಣಣ್ಣ.”

ರಕ್ಕಸನ ಮುಂದೆ ಅಳದ ಹೊಂಬಯ್ಯ ಆಗ ಗೊಳೋ ಎಂದು ಅತ್ತ.