ಟವರ್ ತಡೆದ ಕರೆ

ಗುಡ್ಡದ ಮೇಲಿನ ಮೊಬೈಲ್ ಟವರ್‌ಗೆ ಭಾರಿ ಜಂಬ. ಇಂಟರ್‌ನೆಟ್ ಕರೆಗಳು ತನ್ನ ಕಸುಬು ಕಿತ್ತುಕೊಳ್ಳುತ್ತಿವೆ ಎಂಬ ಸಿಟ್ಟಿಗೆ ಅದು ಒಂದು ಬೆಳಗ್ಗೆ ದಾರಿಗೆ ಅಡ್ಡ ನಿಂತಿತು. ಮೊದಲು ಸಿಕ್ಕಿದ್ದು ಒಂದು ವಿಡಿಯೊ ಕರೆ.

“ನಿಲ್ಲು! ಧ್ವನಿ ಸಾಗಿಸುವುದು ನನ್ನ ಹಕ್ಕು. ಕದ್ದು ಒಯ್ಯುತ್ತಿರುವ ಧ್ವನಿಯನ್ನು ಕೆಳಗಿಡು,” ಎಂದಿತು ಟವರ್.

“ಹುಡುಕಿಕೊಳ್ಳಿ, ಯಜಮಾನರೇ. ಬೇಗ! ಆಸ್ಪತ್ರೆಯಲ್ಲಿ ಮಗಳೊಬ್ಬಳು ಕಾಯುತ್ತಿದ್ದಾಳೆ,” ಎಂದಿತು ಕರೆ.

ಟವರ್ ಮೂಲೆಮೂಲೆ ತಡಕಿತು. ಒಂದು ಸೊಲ್ಲೂ ಸಿಗಲಿಲ್ಲ. ಇದ್ದದ್ದು ಎರಡು ಕೈ ಮಾತ್ರ. ಗುಡ್ಡದ ಬುಡದ ಮನೆಯ ಫಕೀರವ್ವನಿಗೆ ಹುಟ್ಟಿನಿಂದ ಕಿವಿ ಕೇಳದು, ಮಾತು ಬಾರದು. ಹೆರಿಗೆಗೆ ಹೋದ, ತನ್ನಂತೆಯೇ ಇರುವ ಮಗಳಿಗೆ ಅವಳು ಕೈಸನ್ನೆಯಲ್ಲಿ ಧೈರ್ಯ ಹೇಳುತ್ತಿದ್ದಳು.

“ಈ ಮನೆ ಯಾವಾಗಿನಿಂದ ಇದೆ?” ಟವರ್ ತೊದಲಿತು. “ಇಲ್ಲಿಂದ ಒಂದು ಕರೆಯೂ ನನಗೆ ಬಂದದ್ದಿಲ್ಲ.”

ಕರೆ ತಲೆಯೆತ್ತಿ ಹೇಳಿತು: “ನೀವು ಇಲ್ಲಿ ನಿಲ್ಲುವ ಮೊದಲಿನಿಂದ ಇದೆ. ನೀವು ಬಾಯಿಗಷ್ಟೇ ದಾರಿ ಕೊಟ್ಟಿರಿ. ನಾನು ಕೈಗೂ ಕೊಟ್ಟೆ.”

ಟವರ್ ಪಕ್ಕಕ್ಕೆ ಸರಿಯಿತು.

ಸಂಜೆ ಆಸ್ಪತ್ರೆಯಿಂದ ಅದೇ ಕರೆ ಮರಳಿ ಬಂತು. ಈ ಸಲ ಅದರಲ್ಲಿ ಧ್ವನಿಯಿತ್ತು. ಎಳೆಗೂಸೊಂದು ಜೋರಾಗಿ ಅಳುತ್ತಿತ್ತು. ಟವರ್ ಕೇಳಿಸಿಕೊಂಡಿತು, ತಡೆಯಲಿಲ್ಲ.