ಲುದ್ಮಿಲಾಳ ಮೂರನೆಯ ಕೈ

ಮೊರಾವಿಯಾದ ಒಂದು ಹಳ್ಳಿಯಲ್ಲಿ ಲುದ್ಮಿಲಾ ಎಂಬ ರೈತ ಹೆಂಗಸಿದ್ದಳು. ಅವಳ ಚಿತ್ರ ಬರೆಯಲು ಪ್ರಾಗ್ ಪಟ್ಟಣದಿಂದ ಹೊಸ ಬಗೆಯ ಚಿತ್ರಕಾರನೊಬ್ಬ ಬಂದ. ಕೆಲಸ ಬಿಟ್ಟು ಅವಳು ಒಂದು ಗಳಿಗೆಯೂ ನಿಲ್ಲಲಿಲ್ಲ. ಓಡಾಡುತ್ತಿದ್ದವಳನ್ನೇ ಅವನು ಬರೆದು ಮುಗಿಸಿ, ಚಿತ್ರವನ್ನು ಅಂಗಳದಲ್ಲಿ ಒಣಗಲು ಇಟ್ಟ.

ಅದನ್ನು ಮೊದಲು ಕಂಡ ಹುಂಜ ಬಿದ್ದು ಬಿದ್ದು ನಕ್ಕಿತು. "ಮುಖ ಚೌಕ, ಸೊಂಟ ತ್ರಿಕೋನ. ಅದೂ ಹೋಗಲಿ, ಕೈ ಮೂರು! ಎರಡರವರೆಗೆ ಎಣಿಸಲು ಬಾರದವನೂ ಚಿತ್ರಕಾರನೆ?"

ಚಿತ್ರಕಾರನ ಮುಖ ಸಣ್ಣಗಾಯಿತು. ಬಣ್ಣವನ್ನೆಲ್ಲ ಕೆರೆದು ಹಾಕಲು ಚೂರಿ ಎತ್ತಿಕೊಂಡ. ಅಲ್ಲೇ ಒಂದು ಹೆಬ್ಬಾತು ಇತ್ತು. ಅದು ಕುತ್ತಿಗೆ ಚಾಚಿ ಅಡ್ಡ ಬಂದು ನಿಂತಿತು.

"ತಡೆಯಿರಿ ಸ್ವಾಮಿ. ಮೊನ್ನೆ ನರಿ ನನ್ನ ರೆಕ್ಕೆ ಕಚ್ಚಿ ಎಳೆಯಿತು. ಆಗ ನಮ್ಮ ಲುದ್ಮಿಲಮ್ಮನ ಒಂದು ಕೈಯಲ್ಲಿ ಹಾಲಿನ ಬಕೆಟ್ಟು, ಇನ್ನೊಂದರಲ್ಲಿ ಮಗು. ತೊಟ್ಟು ಹಾಲು ಚೆಲ್ಲಲಿಲ್ಲ, ಮಗು ಅಳಲಿಲ್ಲ, ಆದರೂ ನರಿಯ ಮೂತಿಗೆ ಕಲ್ಲು ಬಿತ್ತು. ಹುಂಜಣ್ಣ, ನೀನು ಮಾಡಿನ ಮೇಲೆ ಕೂತು ನೋಡುತ್ತಿದ್ದೆಯಲ್ಲ, ಹೇಳು. ಕಲ್ಲು ಎಸೆದದ್ದು ಯಾವ ಕೈ?"

ಹುಂಜ ಬೆನ್ನು ತಿರುಗಿಸಿ ಕಾಳು ಕೆದಕತೊಡಗಿತು.

ಚಿತ್ರಕಾರ ಚೂರಿ ಕೆಳಗಿಟ್ಟು ಲುದ್ಮಿಲಾಳನ್ನೇ ಕರೆದ. ಅವಳು ಮಗುವನ್ನು ಸೊಂಟಕ್ಕೇರಿಸಿಕೊಂಡು, ಬೀಟ್‌ರೂಟಿನ ಬುಟ್ಟಿ ಹೊತ್ತು ಬಂದು ಚಿತ್ರವನ್ನು ದಿಟ್ಟಿಸಿದಳು.

"ನಾನೇ, ಅನುಮಾನವಿಲ್ಲ. ಆದರೆ ಮೂರೇ ಕೈಯೆ? ಸುಗ್ಗಿಯಲ್ಲೊಮ್ಮೆ ಬಂದು ನೋಡಿ!"

ಹೀಗೆಂದು ನಕ್ಕು, ಮಗುವನ್ನು ಅವನ ತೋಳಿಗೆ ಹಾಕಿ ಹಸುವಿನ ಕಡೆ ನಡೆದಳು. ಮಗು ಅವನ ಮೀಸೆಯನ್ನು ಬಲವಾಗಿ ಹಿಡಿಯಿತು. ಇನ್ನೊಂದು ಕೈ ಬರೆಯೋಣವೆಂದರೆ, ಚಿತ್ರಕಾರನಿಗೆ ಕುಂಚ ಹಿಡಿಯಲು ಕೈಯೇ ಉಳಿದಿರಲಿಲ್ಲ.