ಕುಂಟುವ ಮುಳ್ಳು

“ಬುದ್ಧಿ, ಕಾಯಿಲೆ ಬಿದ್ದು ಎದ್ದ ಮೇಲೆ ಒಂದು ಪದ ಹಾಡಿ ಮುಗಿಸುವುದರೊಳಗೆ ನಾಲ್ಕು ಕಡೆ ನಿಂತು ಉಸಿರೆಳೆಯುತ್ತೇನೆ. ಮಕ್ಕಳು ನನ್ನ ಮುಖ ನೋಡುತ್ತವೆ. ಹೀಗೆ ಅರೆಬರೆ ಕಲಿಸುವುದಕ್ಕಿಂತ ಬಿಟ್ಟುಬಿಡುವುದೇ ವಾಸಿ ಅಲ್ಲವೇ?”

ಮಠದ ಮಕ್ಕಳಿಗೆ ಹಾಡು ಕಲಿಸುವ ಚನ್ನಾಜಮ್ಮ ಹೀಗೆ ಕೇಳಿ, ಬಟ್ಟೆಯಲ್ಲಿ ಸುತ್ತಿ ಗಂಟು ಹಾಕಿ ತಂದಿದ್ದ ಏಕತಾರಿಯನ್ನು ಗುರುಗಳ ಮುಂದಿಟ್ಟಳು. ಗುರುಗಳು ಅದನ್ನು ಮುಟ್ಟಲಿಲ್ಲ. ಕತೆ ಹೇಳಿದರು.

ಒಬ್ಬ ಅಂಬಿಗನಿದ್ದ. ಮೇಲಿನ ಅಣೆಕಟ್ಟೆಯಿಂದ ದಿನವೂ ಸಂಜೆ ಐದಕ್ಕೆ ಹೊಳೆಗೆ ನೀರು ಬಿಡುತ್ತಿದ್ದರು. ಅಷ್ಟರೊಳಗೆ ಕಡೆಯ ದೋಣಿ ದಡ ಸೇರಬೇಕು. ಅವನು ಕೈಗಡಿಯಾರವನ್ನೇ ನಂಬಿ ಹುಟ್ಟು ಹಾಕುತ್ತಿದ್ದ.

ಒಂದು ದಿನ ಸೆಕೆಂಡಿನ ಮುಳ್ಳು ಕುಂಟತೊಡಗಿತು. ಸ್ವಲ್ಪ ಹೊತ್ತು ನಿಲ್ಲುವುದು, ಆಮೇಲೆ ನಾಲ್ಕು ಗೆರೆ ಒಟ್ಟಿಗೆ ಜಿಗಿಯುವುದು. ಇದರ ಕತೆ ಮುಗಿಯಿತು ಎಂದುಕೊಂಡ. ಯಾರಾದರೂ ಕಂಡು ನಕ್ಕಾರೆಂದು ಅದನ್ನು ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡ. ಸೂರ್ಯನಿದ್ದಾನಲ್ಲ, ಹೊತ್ತು ನೋಡಲು ಅವನೇ ಸಾಕು ಎಂದ.

ಮಾರನೆಯ ಸಂಜೆ ಮೋಡ ಮುಚ್ಚಿತು. ಸೂರ್ಯ ಇವನನ್ನು ಕೇಳಿ ಮರೆಯಾಗುತ್ತಾನೆಯೇ? ಅಂದಾಜು ತಪ್ಪಿತು. ದೋಣಿ ನಡುಹೊಳೆಯಲ್ಲಿರುವಾಗಲೇ ನೀರು ಏರಿ ಬಂತು. ಜನ ಜೀವ ಕೈಯಲ್ಲಿ ಹಿಡಿದು ಕುಳಿತರು. ಅಂಬಿಗ ಹೇಗೋ ದಡ ಮುಟ್ಟಿಸಿದ.

ಬೆಳಗಾಗುತ್ತಲೇ ಗಡಿಯಾರ ರಿಪೇರಿಯವನ ಅಂಗಡಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿಕೊಂಡ. ಸೊಂಟದಿಂದ ಗಡಿಯಾರ ತೆಗೆದು ಕೊಟ್ಟ. ರಿಪೇರಿಯವನು ಅದನ್ನು ಗೋಡೆಯ ಗಡಿಯಾರದ ಪಕ್ಕ ಹಿಡಿದು ನೋಡಿದ. ಎರಡೂ ಒಂದೇ ಹೊತ್ತು ತೋರಿಸುತ್ತಿದ್ದವು.

“ಸೆಲ್ ವೀಕಾಗಿದೆಯಪ್ಪ. ಪ್ರತಿ ಸೆಕೆಂಡಿಗೂ ಹೆಜ್ಜೆ ಹಾಕುವಷ್ಟು ಶಕ್ತಿಯಿಲ್ಲ. ಅದಕ್ಕೆ ತಡೆದು ತಡೆದು ನಡೆಯುತ್ತಿದೆ. ನಿಂತುಹೋಗುವ ಮೊದಲು ಹೊಸ ಸೆಲ್ ಬೇಕೆಂದು ಕೇಳುವ ಬಗೆ ಇದು. ಹೊತ್ತೇನೂ ತಪ್ಪಿಲ್ಲ.”

“ಹಾಗಾದರೆ ನಿನ್ನೆ ಸಂಜೆಯೂ ಇದು ಸರಿಯಾಗಿಯೇ ಇತ್ತೇ?”

“ಇತ್ತಲ್ಲ. ನಿನ್ನ ಸೊಂಟದಲ್ಲಿತ್ತು.”

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಹೊರಗೆ ಜಗಲಿಯ ಮೇಲೆ ಮಕ್ಕಳು ಹಾಡಿಗೆಂದು ಕುಳಿತು ಗದ್ದಲ ಮಾಡುತ್ತಿದ್ದರು. ಗುರುಗಳು ಏಕತಾರಿಯನ್ನು ಮೆಲ್ಲನೆ ಚನ್ನಾಜಮ್ಮನ ಕಡೆಗೆ ಸರಿಸಿದರು.

“ಇದನ್ನು ಬಟ್ಟೆಯಲ್ಲಿ ಸುತ್ತಿದವರು ಯಾರು, ತಾಯಿ?”

ಚನ್ನಾಜಮ್ಮನ ಬೆರಳುಗಳು ಗಂಟು ಬಿಚ್ಚುತ್ತಿದ್ದವು.